ಮಂಜಿನರಮನೆಯ ಮೂರು ಕಲ್ಲುಮೊನೆಗಳು

ಬಲು ಹಿಂದೆ, ಬಡಗಣ ಕಡಲಿನಾಚೆ, ಬೆಳ್ನಾಡು ಎಂಬ ರಾಜ್ಯವಿತ್ತು. ಅಲ್ಲಿ ನೆಲವೂ ಬಿಳಿ, ಕಡಲೂ ಬಿಳಿ. ಆ ನಾಡಿಗೆ ಹಿಮದಂಷ್ಟ್ರನೆಂಬ ಮಾಂತ್ರಿಕ ಬಂದ. ಸೂರ್ಯನನ್ನೇ ಹಿಡಿದು ತನ್ನ ಮಂಜಿನರಮನೆಯಲ್ಲಿ ಕೂಡಿಹಾಕಿದ.

“ಈ ನಾಡಿಗೆ ಮೊದಲು ಬಂದವನು ನಾನು! ನಿಮ್ಮ ಹಿರಿಯರು ಇಲ್ಲಿ ಬಾಳಿದ್ದು ನಿಜವಾದರೆ, ನನ್ನ ಬಳಿಯಿರುವ ಮೂರು ಕಲ್ಲುಮೊನೆಗಳನ್ನು ಯಾರು ಮಾಡಿದರೆಂದು ಹೇಳಿ. ಹೇಳಿದರೆ ಸೂರ್ಯ ನಿಮ್ಮವನು. ತಪ್ಪಿದರೆ ಮಂಜುಗಡ್ಡೆಯಾಗುತ್ತೀರಿ!” ಎಂದು ಸಾರಿದ.

ರಾಜಕುಮಾರ ನನ್ನಿಗ ಹೋದ. ಎರಡನೆಯ ಮೊನೆಯನ್ನು ಮಕ್ಕಳ ಆಟಿಕೆಯೆಂದ. ನಿಂತಲ್ಲೇ ಮಂಜುಗಡ್ಡೆಯಾದ.

ಆಗ ಅವನ ತಂಗಿ ಜಕ್ಕಲೆ ಎದ್ದಳು. ಅಜ್ಜಿಯೊಡನೆ ಹಳೆಯ ಬೇಟೆಬೀಡುಗಳಲ್ಲಿ, ಹಿಂದಿನವರು ಈಟಿಗೆ, ಬಾಣಕ್ಕೆ ಕಟ್ಟುತ್ತಿದ್ದ ಕಲ್ಲುಮೊನೆ ಹೆಕ್ಕುತ್ತ, ಯಾವುದು ಯಾವ ಕುಲದವರದೆಂದು ಕಲಿಯುತ್ತಲೇ ಬೆಳೆದವಳು ಅವಳು.

“ಬೇಡ ಮಗಳೇ, ನಿನ್ನನ್ನೂ ಕಳೆದುಕೊಳ್ಳಲಾರೆ” ಎಂದು ರಾಣಿ ಅತ್ತಳು.

“ಅಣ್ಣನನ್ನು ಕರೆದುಕೊಂಡೇ ಬರುತ್ತೇನಮ್ಮ!” ಎಂದು ಜಕ್ಕಲೆ ಹೊರಟಳು.

ಮಂಜಿನರಮನೆಯ ಬಾಗಿಲಲ್ಲಿ ಮಾತನಾಡುವ ಬಿಳಿಕರಡಿಯೊಂದು ಮಾಂತ್ರಿಕನ ಸರಪಳಿಯಲ್ಲಿತ್ತು. ಅದಕ್ಕೆ ಸುಳ್ಳು ಹೇಳಲು ಬಾರದು. ಹಾಗಾಗಿ ತೀರ್ಪು ಅದರದೇ.

ಮಾಂತ್ರಿಕ ಮೊದಲ ಮೊನೆ ಇಟ್ಟ. ಜಕ್ಕಲೆ ಅದರ ಬುಡ ಸವರಿದಳು. “ಎರಡೂ ಬದಿಗೆ ತೋಡು ಕೊರೆದಿದ್ದಾರೆ, ಈಟಿಯ ಕೋಲು ಬಿಗಿಯಾಗಿ ಕೂರಲೆಂದು. ಇದು ಕಾಡೆಮ್ಮೆ ಬೇಟೆಯಾಡಿದ ತೋಡುಮೊನೆಯವರದು.”

“ಸರಿ!” ಎಂದಿತು ಕರಡಿ. ಗೋಡೆ ಬಿರಿಯಿತು.

ಎರಡನೆಯದು ಉಗುರಿನಷ್ಟೇ ಇತ್ತು. ಜಕ್ಕಲೆ ಕಣ್ಣಿಗೆ ಹಿಡಿದು ನೋಡಿದಳು. “ಆಹಾ! ಎಂಥ ಕೈಗಳಪ್ಪಾ! ಮೈತುಂಬ ಓರೆ ಓರೆಯಾಗಿ, ಒಂದೇ ಸಮ ಚಕ್ಕೆ ಎಬ್ಬಿಸಿದ್ದಾರೆ. ಇದು ಬಾಣದ ತುದಿ. ಕಿರುಗಲ್ಲಿನವರದು!”

“ಸರಿ!” ಎಂದಿತು ಕರಡಿ. ಚಾವಣಿ ಬಿರಿಯಿತು.

ಮೂರನೆಯದು ಕಪ್ಪುಗಲ್ಲು, ತಿಕ್ಕಿ ನುಣುಪು ಮಾಡಿದ್ದು. ಜಕ್ಕಲೆಗೆ ನಗು ಬಂತು. ಕಲ್ಲನ್ನು ಹೀಗೆ ತಿಕ್ಕಿ ಹರಿತ ಮಾಡುತ್ತಿದ್ದವರು ತಿಮಿಂಗಿಲ ಬೇಟೆಯ ಕಡಲಿಗರು. ಹೆಸರು ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಆದರೆ ಮಾಂತ್ರಿಕನೂ ನಗುತ್ತಿದ್ದ. ಅವಳು ತಡೆದಳು. ಹೆಬ್ಬೆರಳಿನಿಂದ ಮೊನೆಯನ್ನು ಒರೆಸಿದಳು. ಬೆರಳಿಗೆ ಬೂದು ಪುಡಿ ಮೆತ್ತಿತು.

“ಹೇಳು! ಯಾರದು?” ಎಂದು ಮಾಂತ್ರಿಕ ಗದರಿದ.

“ಕಡಲಿಗರ ರೂಪವಿದೆ, ಆದರೆ ಅವರದಲ್ಲ. ಹಳೆಯ ಕಲ್ಲಿನ ಮೈ ಮಾಸಿರುತ್ತದೆ. ಇದಕ್ಕೆ ತಿಕ್ಕಿದ ಪುಡಿ ಇನ್ನೂ ಅಂಟಿದೆ. ಮೊನ್ನೆ ಮೊನ್ನೆ ನೀನೇ ಕೂತು ಮಾಡಿದ್ದು ಇದು!”

“ಸುಳ್ಳು!” ಎಂದು ಚೀರಿದ ಮಾಂತ್ರಿಕ.

“ಸರಿ! ಸರಿ! ಸರಿ!” ಎಂದು ಕರಡಿ ಗರ್ಜಿಸಿತು. ಸರಪಳಿ ತುಂಡಾಯಿತು. ಗೋಡೆಗಳು ಕುಸಿದವು. ಸೂರ್ಯ ಹೊರಗೆ ಚಿಮ್ಮಿದ. ಹಿಮದಂಷ್ಟ್ರ ಮೊದಲು ಗಡ್ಡದಿಂದ, ಆಮೇಲೆ ಮೂಗಿನಿಂದ ತೊಟ್ಟಿಕ್ಕಿದ. ಕಡೆಗೆ ಇಡೀ ಕರಗಿ ಕಡಲು ಸೇರಿದ.

ನನ್ನಿಗ ಕಣ್ಣು ಬಿಟ್ಟ. “ಜಕ್ಕಲೆ! ಚಳಿ ಕಣೇ!” ಎಂದ. ಅವಳು ಅಳುತ್ತ, ನಗುತ್ತ, ಅವನ ಕೈ ಉಜ್ಜಿ ಬೆಚ್ಚಗೆ ಮಾಡಿದಳು. ಕರಡಿ ಇಬ್ಬರನ್ನೂ ಬೆನ್ನಮೇಲೆ ಕೂರಿಸಿಕೊಂಡು ಊರಿಗೆ ಓಡಿತು. ಜನ ಮನೆಗಳಿಂದ ಹೊರಬಂದು ಬಿಸಿಲಿಗೆ ಮುಖವೊಡ್ಡಿ ಕುಣಿದರು. ಬೆಳ್ನಾಡಿನಲ್ಲಿ ಮತ್ತೆ ಹಗಲಾಯಿತು. ಆ ಹಗಲಲ್ಲಿ ಎಲ್ಲರೂ ನಗುನಗುತ್ತ ಬಾಳಿದರು.