ತಂಗಿಯ ಹವಳ

"ನನ್ನ ಹವಳ ಸತ್ರೆ ನಿನ್ನ ಸುಮ್ನೆ ಬಿಡಲ್ಲ ಕಣೇ ಅಕ್ಕಾ" ಎಂದು ನಗುತ್ತಾ ಆಸ್ಪತ್ರೆ ಸೇರಿದ ವಯಸ್ಸಾದ ನನ್ನ ತಂಗಿಗೆ ಮರುದಿನವೇ ಪ್ರಜ್ಞೆ ತಪ್ಪಿತು. ಮನೆಯಲ್ಲಿ ಅವಳ ಉಪ್ಪುನೀರಿನ ಅಕ್ವೇರಿಯಂನಲ್ಲಿ ಉಗುರಿನಷ್ಟು ಪುಟ್ಟ ನಕ್ಷತ್ರಮೀನುಗಳು ಅವಳು ಸಾಕಿದ ಜೀವಂತ ಹವಳವನ್ನು ಮೇಯುತ್ತಿದ್ದವು. ಅದರ ಮಾಂಸ ದಿನೇ ದಿನೇ ಹಿಂದೆ ಸರಿದು ಬಿಳಿ ಮೂಳೆ ಕಾಣತೊಡಗಿತ್ತು. ಅದು ಉಳಿದರೆ ಅವಳೂ ಉಳಿಯುತ್ತಾಳೆಂದು ನನಗೆ ಹುಚ್ಚು ಆಸೆ. ಚಿಮಟದಿಂದ ನಕ್ಷತ್ರಮೀನುಗಳನ್ನು ಒಂದೊಂದಾಗಿ ಕಿತ್ತು ತಟ್ಟೆಯಲ್ಲಿ ಬಿಸಿಲಿಗಿಟ್ಟೆ. ಸಂಜೆ ನೋಡಿದರೆ ತಟ್ಟೆ ಖಾಲಿ. ಮುಟ್ಟಿದರೆ ಒದ್ದೆ, ಐಸಿನಂತೆ ತಣ್ಣಗೆ. ಕಾಗೆಯ ಕೆಲಸವೆಂದು ಮರುದಿನ ಕಿತ್ತವನ್ನು ಮುಚ್ಚಳ ಮುಚ್ಚಿಟ್ಟರೂ ಅದೇ ಕಥೆ.

ಆಸ್ಪತ್ರೆಗೆ ಹೋದಾಗ ನರ್ಸ್ ನನಗೆ, "ಇವರ ಮುಷ್ಟಿ ಬಿಡಿಸೋಕೇ ಆಗ್ತಿಲ್ಲ ಅಜ್ಜಿ, ನೀವೇ ನೋಡಿ" ಎಂದಳು.

"ಬಿಡೇ ಪುಟ್ಟಿ" ಎಂದೆ. ಬೆರಳುಗಳು ಸಡಿಲಾದವು. ಅಂಗೈಯಲ್ಲಿ ಉಪ್ಪುನೀರು, ಅದರಲ್ಲಿ ಮೆಲ್ಲಗೆ ಹರಿದಾಡುವ ನಕ್ಷತ್ರಮೀನುಗಳು. ನರ್ಸ್ ಒರೆಸಲು ಬಂದಳು. ಪ್ರಜ್ಞೆಯಿಲ್ಲದ ತಂಗಿ ಮುಷ್ಟಿಯನ್ನು ಮತ್ತೆ ಬಿಗಿದಳು.