ಕಾಲೊತ್ತಿದರೆ ನಿಲ್ಲುವ ಕಾರು

"ಎಂಜಿನ್ ಆಫ್ ಮಾಡಿ ಕೆಳಗಿಳೀರಿ!"

ಗ್ಯಾರೇಜಿನ ಬಾಗಿಲಲ್ಲೇ ಮುಗ್ಗರಿಸಿ ನಿಂತ ಹಳೇ ಬಿಳಿ ಕಾರಿನತ್ತ ಚಿಗುಸಾ ಕೂಗಿದಳು. ಇಳಿದವನ ಮುಖ ಕಂಡದ್ದೇ ಕೈಯಲ್ಲಿದ್ದ ಸ್ಪ್ಯಾನರ್ ಮುಷ್ಟಿಯೊಳಗೆ ಬಿಗಿಯಿತು.

ಶುನ್‌ಸಾಕು!

ಕಿವಿಯ ಪಕ್ಕ ಕೂದಲು ನರೆತಿತ್ತು. ಕಣ್ಣುಗಳು ಮಾತ್ರ ಅವೇ... ಒಂದು ಕಾಲದಲ್ಲಿ ಇದೇ ಗ್ಯಾರೇಜಿನಲ್ಲಿ ಅವಳಪ್ಪ ತಮೋತ್ಸುವಿನ ಕೈಕೆಳಗೆ ಕೆಲಸ ಕಲಿತವನು. ಅವಳನ್ನು ಮದುವೆಯಾಗಬೇಕಿದ್ದವನು!

"ನಿಂತಲ್ಲೇ ಇದ್ರೆ ಎಂಜಿನ್ ಚೆನ್ನಾಗೇ ಓಡುತ್ತೆ, ಚಿಗುಸಾ. ಆಕ್ಸಿಲರೇಟರ್ ಒತ್ತಿದ್ರೆ ಸಾಕು, ಉಸಿರುಕಟ್ಟಿ ಆಫ್ ಆಗುತ್ತೆ."

"ಗಿರಾಕಿಗಳು ನನ್ನ ಹೆಸರು ಹಿಡಿದು ಕರೆಯೋದಿಲ್ಲ."

"ಸರಿ, ಓನರಮ್ಮ... ಸ್ವಲ್ಪ ನೋಡ್ತೀರಾ?"

ಇನ್ನೂ ನಗುತ್ತಾನಲ್ಲ ಇವನು! ಯಾವ ಮುಖ ಇಟ್ಟುಕೊಂಡು ಬಂದ?

ಮದುವೆಯ ಹೊಸ್ತಿಲಲ್ಲಿದ್ದ ಆ ಶರತ್ಕಾಲದಲ್ಲಿ, ಇಲ್ಲಿ ರಿಪೇರಿಯಾದ ಲಾರಿಯೊಂದರ ಚಕ್ರ ದಾರಿಯಲ್ಲೇ ಕಳಚಿತ್ತು. ಲಾರಿ ಗದ್ದೆಗೆ ಉರುಳಿ, ಡ್ರೈವರ್ ಕುಸಾಕಾನ ಕಾಲು ಮತ್ತೆ ನೆಟ್ಟಗಾಗಲೇ ಇಲ್ಲ. "ನಟ್ ಬಿಗಿ ಮಾಡದೆ ಬಿಟ್ಟವನು ನಾನೇ" ಎಂದು ಎಲ್ಲರೆದುರು ಒಪ್ಪಿಕೊಂಡ ಶುನ್‌ಸಾಕು, ಅವಳಿಗೊಂದು ಮಾತೂ ಹೇಳದೆ ಸಕಾತ ಊರನ್ನೇ ಬಿಟ್ಟುಹೋದ. ಬಾಡಿಗೆಗೆ ತಂದ ಮದುವೆಯ ಕಿಮೋನೋವನ್ನು ಹಿಂದಿರುಗಿಸಲು ಅವಳು ಒಬ್ಬಳೇ ಹೋಗಿದ್ದಳು. ಬೀದಿಯುದ್ದಕ್ಕೂ ಜನರ ಮರುಕದ ನೋಟ. ಅದಕ್ಕಿಂತ ಉಗಿದಿದ್ದರೂ ವಾಸಿಯಿತ್ತು!

ಇವತ್ತು ಅವನೇ ಕೈಗೆ ಸಿಕ್ಕಿದ್ದಾನೆ.

ಅವಳು ಬಾನೆಟ್ ಎತ್ತಿದಳು. ಪೆಟ್ರೋಲಿನ ಒತ್ತಡ ನೋಡಿದಳು, ಸರಿಯಿತ್ತು. ಪ್ಲಗ್ ಬಿಚ್ಚಿದಳು, ಕಿಡಿ ಚೆನ್ನಾಗಿತ್ತು. ಫಿಲ್ಟರ್ ಕೂಡ ಅಷ್ಟೇನೂ ಕೊಳೆಯಾಗಿರಲಿಲ್ಲ.

"ಒಳಗೆ ಕೂತು ಬ್ರೇಕ್ ಒತ್ತಿಹಿಡಿ. ಗೇರ್ ಹಾಕಿ ಸ್ವಲ್ಪ ಆಕ್ಸಿಲರೇಟರ್ ಕೊಡು."

ಎಂಜಿನ್ ನಡುಗುತ್ತ ಒಂದು ಮಗ್ಗುಲಿಗೆ ವಾಲಿತು. ಆಗ ಕಂಡಿತು! ಗಾಳಿ ಒಯ್ಯುವ ದಪ್ಪ ರಬ್ಬರ್ ಕೊಳವೆಯ ತಳಭಾಗದಲ್ಲಿ ಬಿರುಕೊಂದು ಬಾಯಿ ಬಿಟ್ಟಿತು. ಅಳತೆ ಮೀರಿದ ಗಾಳಿ ಬುಸ್ಸೆಂದು ನುಗ್ಗಿ ಎಂಜಿನ್ ಸತ್ತಿತು. ವಾಲಿದ್ದು ನೆಟ್ಟಗಾದೊಡನೆ ಬಿರುಕು ಮುಚ್ಚಿಕೊಂಡು ಮಾಯ.

ಹೊಸ ಕೊಳವೆ ಹಾಕಿದರೆ ಮುಗಿಯಿತು. ಹಿಂದಿನ ಕಪಾಟಿನಲ್ಲೇ ಇದೆ.

'ಹಾಕಬೇಕಾ? ನಡುಬೀದಿಯಲ್ಲಿ ನಿಲ್ಲಲಿ ಇವನೂ! ಹಿಂದಿನವರು ಹಾರ್ನ್ ಹೊಡೆದು ಬೈಯಲಿ. ನಾನು ನಿಂತ ಹಾಗೆ ನಿಲ್ಲಲಿ!'

ಅವಳು ಫಿಲ್ಟರ್ ಬದಲಿಸಿ ಬಾನೆಟ್ ಮುಚ್ಚಿದಳು.

"ಫಿಲ್ಟರ್ ಹಾಳಾಗಿತ್ತು. ಹೊರಡು."

"ಅಷ್ಟೇನಾ?"

"ನಂಬಿಕೆ ಇಲ್ವಾ? ನಂಬಿಕೆಯ ಮಾತು ನೀನು ಆಡಬೇಡ!"

ಅವನು ತಲೆಬಾಗಿ ನಮಸ್ಕರಿಸಿ ಹೊರಟ. ಕಾರು ಮೆಲ್ಲಗೆ ತಿರುವಿನಲ್ಲಿ ಮರೆಯಾಯಿತು. ಅವಳ ಎದೆಯಲ್ಲಿ ಕಹಿಯಾದ ಖುಷಿಯೊಂದು ಉಕ್ಕಿತು.

"ಯಾರು ಬಂದಿದ್ದು?" ಒಳಗಿನಿಂದ ತಮೋತ್ಸು ಬಂದರು. ಹಿಡಿದ ಚಹಾದ ಬಟ್ಟಲು ಎಂದಿನಂತೆ ಅದುರುತ್ತಿತ್ತು.

"ನಿಮ್ಮ ಮೆಚ್ಚಿನ ಶಿಷ್ಯ! ಕೊಳವೆ ಒಡೆದಿದೆ ಅಂತ ಗೊತ್ತಿದ್ದೂ ಹಾಗೇ ಕಳಿಸಿದೆ. ಸೇತುವೆ ಏರಲ್ಲಿ ನಿಂತು ಮಾನ ಕಳ್ಕೊಳ್ಳಲಿ."

ಬಟ್ಟಲು ಕೆಳಗೆ ಬಿತ್ತು.

"ಹುಚ್ಚಿ! ಬಂದರಿನ ಲಾರಿಗಳೆಲ್ಲ ಆ ಸೇತುವೆ ಮೇಲೇ ಹೋಗೋದು! ಮಾನ ಅಲ್ಲ, ಪ್ರಾಣ ಹೋಗುತ್ತೆ!"

ಚಿಗುಸಾಳ ಮುಖ ಬಿಳಿಚಿತು. ಆದರೂ ನಾಲಿಗೆ ಸೋಲಲಿಲ್ಲ. "ಕುಸಾಕಾನ ಕಾಲು ಮುರಿದವನ ಮೇಲೆ ನಿಮಗೆಷ್ಟು ಕರುಣೆ!"

"ಮುರಿದವನು ನಾನಮ್ಮ..."

"ಅಪ್ಪ?"

"ಆ ನಟ್ ಸರಿಯಾಗಿ ಬಿಗಿ ಮಾಡದೆ ಬಿಟ್ಟಿದ್ದು ಈ ಕೈ. ಆಗಲೇ ನಡುಕ ಶುರುವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಶುನ್‌ಸಾಕು ತಾನೇ ಮುಂದೆ ಬಂದು ತಪ್ಪು ನಂದು ಅಂದ. ನಾನು... ತಲೆ ತಗ್ಗಿಸಿ ಸುಮ್ಮನೆ ನಿಂತುಬಿಟ್ಟೆ."

ಅವಳು ಕಪಾಟಿನಿಂದ ಹೊಸ ಕೊಳವೆಯನ್ನು ಎಳೆದುಕೊಂಡು ವ್ಯಾನಿಗೆ ಹಾರಿದಳು. 'ಸೇತುವೆ ಹತ್ತಬೇಡ... ದಯವಿಟ್ಟು ಹತ್ತಬೇಡ, ಶುನ್‌ಸಾಕು!'

ಬಿಳಿ ಕಾರು ಸೇತುವೆಗೆ ಮುಂಚಿನ ಖಾಲಿ ಜಾಗದಲ್ಲಿ ನಿಂತಿತ್ತು. ಅವನು ತಡೆಗೋಡೆಗೆ ಒರಗಿ ನದಿ ನೋಡುತ್ತಿದ್ದ. ಅವಳು ವ್ಯಾನ್ ನಿಲ್ಲಿಸಿ ಕೊಳವೆ ಹಿಡಿದು ಅವನತ್ತ ಓಡಿದಳು.

"ಕೊಳವೆ ಒಡೆದಿದೆ! ಗೊತ್ತಿದ್ದೂ ಕಳಿಸಿದೆ ನಾನು..."

"ಗೊತ್ತು."

"ಏನು ಗೊತ್ತು?"

"ನಾನೀಗ ನೀಗಾತದಲ್ಲಿ ದೋಣಿ ಎಂಜಿನ್ ರಿಪೇರಿ ಮಾಡ್ತೀನಿ. ಒಂದು ಕೊಳವೆ ಒಡೆದಿದ್ದು ಗೊತ್ತಾಗಲ್ವಾ? ಇಲ್ಲಿಗೆ ಬರೋಕೆ ಬೇರೆ ನೆಪ ಸಿಗಲಿಲ್ಲ. ಮೆಲ್ಲಗೆ ಓಡಿಸ್ಕೊಂಡು ಬಂದೆ. ನೀನು ಬೈಯೋಕಾದ್ರೂ ಬಾಯಿ ತೆರೀತೀಯಲ್ಲ ಅಂತ. ನೀನು ಅದನ್ನ ಬದಲಿಸಿಲ್ಲ ಅಂತ ಗೊತ್ತಾಗಿ, ಏರು ಹತ್ತದೆ ಇಲ್ಲೇ ನಿಲ್ಲಿಸಿದೆ."

ಅವಳು ಕೊಳವೆ ಕೆಳಗೆ ಹಾಕಿ ಎರಡೂ ಕೈಯಿಂದ ಅವನ ಎದೆಗೆ ಗುದ್ದಿದಳು.

"ಅಪ್ಪ ಎಲ್ಲಾ ಹೇಳಿದ್ರು! ನೀವಿಬ್ಬರೂ ಸೇರಿ ನನ್ನ ಬಾಳನ್ನ ತೀರ್ಮಾನ ಮಾಡಿಬಿಟ್ರಾ? ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ಹೇಳಿದ್ರೆ ನೀನು ಅಪ್ಪನ್ನ ದ್ವೇಷಿಸ್ತಿದ್ದೆ."

"ಅದಕ್ಕೇ ನಿನ್ನನ್ನ ದ್ವೇಷಿಸು ಅಂತ ಬಿಟ್ಟುಹೋದೆಯಾ? ದಿನಾ ಶಪಿಸಿದೀನಿ ನಿನ್ನ! ಇವತ್ತು ಕೊಂದೇ ಬಿಡ್ತಿದ್ದೆ..."

ಅವನ ಕಣ್ಣು ತುಂಬಿತು. "ತಪ್ಪಾಯ್ತು, ಚಿಗುಸಾ. ತ್ಯಾಗ ಅಂದ್ಕೊಂಡೆ. ಆಮೇಲೆ ನಿನ್ನ ಮುಖ ನೋಡೋಕೆ ಧೈರ್ಯ ಬರಲಿಲ್ಲ, ಅಷ್ಟೇ."

ಅವಳು ಅಳುತ್ತಲೇ ಬಾನೆಟ್ ಎತ್ತಿದಳು. ಇಬ್ಬರೂ ಸೇರಿ ಹಳೇ ಕೊಳವೆ ಬಿಚ್ಚಿ ಹೊಸದನ್ನು ಕೂರಿಸಿದರು. ಕೀಲಿ ತಿರುಗಿಸಿ ಅವನು ಆಕ್ಸಿಲರೇಟರ್ ಒತ್ತಿದ. ಎಂಜಿನ್ ಒಂದೇ ಉಸಿರಿಗೆ ಗರ್ಜಿಸಿತು.

"ನಿನ್ನ ಸೇಡು ತೀರಿತಾ?" ಅವನು ಮೆಲ್ಲಗೆ ಕೇಳಿದ.

"ಇಲ್ಲ! ನಾಳೆ ಬೆಳಗ್ಗೆ ನಾವು ಮೂವರೂ ಕುಸಾಕಾನ ಮನೆಗೆ ಹೋಗ್ಬೇಕು. ಅಪ್ಪ ತಮ್ಮ ಬಾಯಿಂದಲೇ ನಿಜ ಹೇಳ್ಬೇಕು. ನೀನು ಪಕ್ಕದಲ್ಲಿ ಕೂತು ಬೈಸ್ಕೋಬೇಕು."

"ಕೂರ್ತೀನಿ. ಆಮೇಲೆ ನೀಗಾತಕ್ಕೆ ಹೋಗ್ಲಾ?"

ಅವಳು ಗ್ರೀಸ್ ಮೆತ್ತಿದ ಕೈಯಿಂದಲೇ ಅವನ ಕಾಲರ್ ಹಿಡಿದೆಳೆದು, ಅವನ ಹೆಗಲಿಗೆ ಹಣೆಯಿಟ್ಟಳು.

"ಹೋಗಿ ನೋಡು... ಈ ಸಲ ನಾಲ್ಕೂ ಚಕ್ರ ಬಿಚ್ಚಿಡ್ತೀನಿ!"

"ಬಿಚ್ಚಿಡು. ನಾನೇನೂ ವಾಪಸ್ ಕೇಳಲ್ಲ."