ಎಂಟು ದಿನದ ಎಣಿಕೆ

ಮಂಗಲ ಟೀಚರ್ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಬಂದದ್ದನ್ನು ನೋಡಿ ಸೈಕಲ್ ರಿಪೇರಿಯ ಧರೆಪ್ಪ ಕೈಯಲ್ಲಿದ್ದ ಪಾನಾ ಕೆಳಗಿಟ್ಟ. ಮುಂದಿನ ಗಾಲಿ ಹಪ್ಪಳದಂತೆ ಸೊಟ್ಟಗಾಗಿತ್ತು. ಸೀರೆಯ ತುಂಬ ಗಟಾರದ ಕೆಸರು.

"ಕಬ್ಬಿನ ಟ್ರ್ಯಾಲಿ ಏನ್ರಿ?"

"ಟ್ರ್ಯಾಲಿ ಅಲ್ಲ, ಅದರ ಗಾಳಿ. ಟ್ರ್ಯಾಲಿ ಬಡದಿದ್ರ ನಾ ಇಲ್ಲೀತನಕಾ ನಡಕೊಂಡು ಬರ್ತಿದ್ನೇನು?"

ಅದು ಎಂಬತ್ತೇಳರ ಕಬ್ಬಿನ ಹಂಗಾಮು. ದಿಗ್ಗೇವಾಡಿಯಿಂದ ರಾಯಬಾಗದ ಕಡೆ ಹೋಗುವ ರಸ್ತೆಯಲ್ಲಿ ಟ್ರ್ಯಾಕ್ಟರುಗಳು ಎರಡೆರಡು ಟ್ರ್ಯಾಲಿ ಎಳೆಯುತ್ತಿದ್ದವು. ಎಂಜಿನ್ ಊರು ದಾಟಿ, ಡ್ರೈವರ್ ಚಹಾ ಕುಡಿದು ಮುಗಿಸಿದರೂ ಹಿಂದಿನ ಟ್ರ್ಯಾಲಿ ಇನ್ನೂ ಹೊಲದಿಂದ ಹೊರಬೀಳುತ್ತಲೇ ಇರುತ್ತಿತ್ತು. ರಸ್ತೆಯ ಅಂಚಿಗೆ ಒಂದು ಮೊಳ ಜಾಗ. ಸೈಕಲ್ಲು, ಕೂಲಿ ಹೆಂಗಸರು, ಎಮ್ಮೆ, ಎಲ್ಲರೂ ಅದರಲ್ಲೇ. ಮಂಗಲ ತೋಟದ ಶಾಲೆಗೆ ದಿನಾ ಆ ದಾರಿಯಲ್ಲಿ ಮೂರು ಕಿಲೋಮೀಟರು ಹೋಗಬೇಕಿತ್ತು.

"ನನಗ ಸಾಕಾತು. ಅಕ್ಕೋಳದ ಸಾಲಿಗೆ ವರ್ಗಾ ಕೇಳೇನಿ," ಎಂದಳು. "ಬಾಜೂಕ ಒಂದು ಸೈಕಲ್ ದಾರಿ ಆದ್ರ ಅರ್ಜಿ ಹಿಂದಕ್ಕ ತಗೊಂತೇನಿ."

ಧರೆಪ್ಪ ಗಾಲಿ ತಿದ್ದಲು ಕುಳಿತ. ಅರ್ಧ ತಾಸಿನ ಕೆಲಸಕ್ಕೆ ನಾಲ್ಕು ತಾಸು ಹಿಡಿಯಿತು.

ಅವನಿಗೆ ನಲವತ್ತು. ತಾಯಿ ಹೋದ ಮೇಲೆ ಮನೆಯಲ್ಲಿ ರೇಡಿಯೋ ಒಂದೇ ಮಾತಾಡುತ್ತಿತ್ತು. ಸುದ್ದಿ ಓದುವವರು ನಮಸ್ಕಾರ ಎಂದರೆ ಇವನೂ "ನಮಸ್ಕಾರ್ರಿ" ಎನ್ನುತ್ತಿದ್ದ. ಊಟ ಆಯಿತೇ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಊರೆಲ್ಲ ಮಂಗಲಳನ್ನು "ಅಕ್ಕೋರ" ಎಂದು ಕರೆಯುತ್ತಿತ್ತು. ಧರೆಪ್ಪ ಮಾತ್ರ ಆ ಶಬ್ದವನ್ನು ನುಂಗಿಕೊಂಡು "ಟೀಚರ್" ಎನ್ನುತ್ತಿದ್ದ.

ಮರುವಾರ ಮುರಗೆಪ್ಪ, ನಜೀರಸಾಬರಂಥ ನಾಲ್ಕು ಹಿರಿಯರನ್ನು ಕಟ್ಟಿಕೊಂಡು ಅವನು ರಾಯಬಾಗಕ್ಕೆ ಹೋಗಿ ಶಾಸಕರನ್ನು ಕಂಡ. ಮನವಿ ಬರೆದುಕೊಟ್ಟವಳು ಮಂಗಲ: ಸೈಕಲ್ಲಿನವರಿಗೂ ನಡೆಯುವವರಿಗೂ ರಸ್ತೆ ಪಕ್ಕಕ್ಕೆ ಗರಸು ಮಣ್ಣು ಹಾಕಿದ ಬೇರೆ ದಾರಿ ಬೇಕು.

"ಎಷ್ಟು ಮಂದಿ ಅಡ್ಡಾಡ್ತೀರಿ?" ಎಂದರು ಶಾಸಕರು. "ಎಂಟು ದಿನ ಎಣಿಸಿ ಬರಕೊಂಡು ಬರ್ರಿ. ಲೆಕ್ಕ ಕೈಯಾಗಿದ್ರ ಬೆಂಗಳೂರಾಗ ಜಗಳಾಡಾಕ ಬರತೈತಿ."

ಶಾಲೆಗೆ ಬೇಸಿಗೆ ಸೂಟಿ ಬಿದ್ದಿತ್ತು. ಜಾಲಿ ಗಿಡದ ಕೆಳಗೆ ಎರಡು ಕಲ್ಲು. ಒಂದರ ಮೇಲೆ ಕುಳಿತು ಅವನು ಸೈಕಲ್ ಎಣಿಸಿದ, ಇನ್ನೊಂದರ ಮೇಲೆ ಕುಳಿತು ಅವಳು ನಡೆಯುವವರನ್ನು. ಗಂಡ ತೀರಿಕೊಂಡು ಹತ್ತು ವರ್ಷವಾಯಿತೆಂದೂ, ಭಾನುವಾರ ಹೊತ್ತು ಹೋಗದೆ ಮಕ್ಕಳ ತಿದ್ದಿದ ವಹಿಗಳನ್ನೇ ಮತ್ತೆ ತಿದ್ದುತ್ತೇನೆಂದೂ ಅವಳು ರಸ್ತೆ ನೋಡುತ್ತಲೇ ಹೇಳಿದಳು. ಪೆನ್ಸಿಲ್ ತುದಿ ಹಲ್ಲಿನ ನಡುವೆ ಇತ್ತು. ಕಿವಿಯ ಹಿಂದಿನ ಒಂದು ಎಳೆ ಕೂದಲು ಬೆವರಿಗೆ ಕತ್ತಿಗೆ ಅಂಟಿತ್ತು. ಅವಳು ತಟ್ಟನೆ ತಿರುಗಿದಳು. ಧರೆಪ್ಪ ಗಡಬಡಿಸಿ ವಹಿಯಲ್ಲಿ ಒಂದು ಗೆರೆ ಎಳೆದ.

"ಯಾವ ಸೈಕಲ್ರಿ ಅದು?"

"ಈಗ ಹೋತಲ್ರಿ."

"ಧೂಳ ಏಳ್ಲಿಲ್ಲ?"

"ಹೊಸಾ ಟಾಯರ್ ಇತ್ತು."

ಅವಳು ವಹಿ ಅಡ್ಡ ಹಿಡಿದುಕೊಂಡಳು. ವಹಿಯ ಮೇಲೆ ಕಣ್ಣುಗಳಷ್ಟೇ ಕಾಣುತ್ತಿದ್ದವು, ಅವು ನಗುತ್ತಿದ್ದವು. ಹೀಗೆ ಕದ್ದು ನೋಡಿ ಸಿಕ್ಕಿಬಿದ್ದಾಗಲೆಲ್ಲ ಅವನು ಎಣಿಸಿದ, ಹೋಗದ ಸೈಕಲ್ಲುಗಳೇ ನಾನೂರಾದವು.

ಮೂರನೆಯ ದಿನ ಊರಲ್ಲಿ ಸುದ್ದಿ ಎದ್ದಿತು: ಯಾದಿ ಬರೆಯಾಕತ್ತಾರ, ಹೆಸರಿದ್ದವರಿಗೆ ಸರ್ಕಾರ ಏನೋ ಕೊಡತೈತಿ. ಆ ಊರಿನವರಿಗೆ ಯಾದಿ ಎಂದರೆ ಮನೆಯೋ ಎಮ್ಮೆಯೋ ಸೀರೆಯೋ, ಮೂರರಲ್ಲೊಂದು. ಕಾಳವ್ವ ಒಂದೇ ದಿನ ಏಳು ಸಲ ದಾಟಿದಳು, ಕೊನೆಯ ಸಲ ಸೀರೆ ಬದಲಿಸಿ.

"ಕಾಳವ್ವಾ, ಇದು ಏಳನೇದ್ದು," ಎಂದಳು ಮಂಗಲ.

"ನಾ ಆಕಿ ತಂಗಿರಿ, ಬರಕೋರಿ."

ಸೈಕಲ್ ಹತ್ತಲು ಬಾರದವರು ತಳ್ಳಿಕೊಂಡು ಬಂದರು. ಎದ್ದು ಓಡಾಡಲಾಗದ ಒಬ್ಬ ಅಜ್ಜನನ್ನು ಮಂಚದ ಸಮೇತ ಹೊತ್ತು ತಂದರು. ಅವನು ನಡೆಯುವವನೋ ಸವಾರನೋ ತಿಳಿಯದೆ ಇಬ್ಬರೂ ಒಂದು ತಾಸು ತಲೆ ಕೂಡಿಸಿ ಕುಳಿತರು. ಧರೆಪ್ಪನ ಬದುಕಿನಲ್ಲಿ ಅಷ್ಟು ಸುಖದ ತಾಸು ಮತ್ತೊಂದಿರಲಿಲ್ಲ.

ಎಂಟನೆಯ ಸಂಜೆ ಅವಳು ಸೆರಗಿನ ಧೂಳು ಕೊಡವಿ ಎದ್ದು ಹೋದಳು. ಎಣಿಸಲು ಯಾರೂ ಇಲ್ಲದ ರಸ್ತೆಯ ಬದಿಗೆ ಅವನು ಇನ್ನೂ ಸ್ವಲ್ಪ ಹೊತ್ತು ಕುಳಿತಿದ್ದ. ಆಮೇಲೆ ಮನೆಗೆ ಹೋಗಿ ಲೆಕ್ಕದ ಶುದ್ಧಪ್ರತಿ ಮಾಡಿದ. ಅವಳು ಒಮ್ಮೆ ಬರೆದ ಕಾಳವ್ವ ಇಲ್ಲಿ ಹದಿನಾಲ್ಕಾದಳು. ಒಟ್ಟು ಹನ್ನೊಂದು ಸಾವಿರದ ಆರುನೂರು.

ಮರುವಾರ ಲೆಕ್ಕ ಹಿಡಿದು ಹಿರಿಯರೊಂದಿಗೆ ಮತ್ತೆ ರಾಯಬಾಗಕ್ಕೆ ಹೋದಾಗ ಮಂಗಲಳೂ ಜೊತೆಗೆ ಬಂದಿದ್ದಳು. ಶಾಸಕರು ಕಾಗದವನ್ನು ಎರಡು ಸಲ ಓದಿದರು.

"ಇಷ್ಟು ಮಂದಿ ಅದೀರಿ. ಇಲೆಕ್ಷನ್‌ದಾಗ ನಿಮ್ಮೂರಿಂದ ನನಗ ನೂರಾ ನಲವತ್ತು ಓಟು ಬಿದ್ದಾವು. ಉಳದಾವ್ರು ಅವತ್ತ ಎಲ್ಲಿಗೆ ಹೊಂಟಿದ್ರು?"

ಶಾಸಕರು ಕಾಗದ ಮಡಿಚಿ ಧರೆಪ್ಪನ ಕೈಗಿಟ್ಟರು.

"ಖರೇ ಲೆಕ್ಕ ತರ್ರಿ. ಮುಂದಿನ ವರ್ಷ ನೋಡೂಣು."

ಹಿರಿಯರು ಬೇಸರ ಕಳೆಯಲು ಖಾನಾವಳಿ ಹೊಕ್ಕರು. ಬಸ್ಸು ಧರೆಪ್ಪ, ಮಂಗಲ ಇಬ್ಬರನ್ನೇ ಕ್ರಾಸಿನಲ್ಲಿ ಇಳಿಸಿತು. ಆ ರಸ್ತೆಯ ಅಂಚಿನಲ್ಲಿ ಇಬ್ಬರು ಜೊತೆಯಾಗಿ ನಡೆಯುವಷ್ಟು ಜಾಗವಿರಲಿಲ್ಲ. ಅವನು ಮುಂದೆ, ಅವಳು ಹಿಂದೆ.

"ಸುಳ್ಳ ಯಾಕ ಬರದ್ರಿ?" ಹಿಂದಿನಿಂದ ದನಿ ಬಂತು.

ಅವನು ದಾರಿಯಲ್ಲಿ ಬಿದ್ದ ಕಬ್ಬಿನ ತುಂಡೊಂದನ್ನು ಕಾಲಿಂದ ಗಟಾರಕ್ಕೆ ಸರಿಸಿದ.

"ಖರೇ ಬರದಿದ್ರ ಒಂದ ಹೆಸರ ಆಗತಿತ್ರಿ," ಎಂದು ಮುಂದಿನ ರಸ್ತೆಗೆ ಹೇಳಿದ. "ಒಬ್ಬಾಕಿ ಸಲುವಾಗಿ ಸರ್ಕಾರ ದಾರಿ ಮಾಡಂಗಿಲ್ಲ."

ಹಿಂದೆ ಚಪ್ಪಲಿ ಸಪ್ಪಳ ನಿಂತಿತು. ಧರೆಪ್ಪನಿಗೆ ಹಿಂದಿರುಗಿ ನೋಡುವ ಧೈರ್ಯವಾಗಲಿಲ್ಲ. ಆಮೇಲೆ ಸಪ್ಪಳ ಮತ್ತೆ ಶುರುವಾಯಿತು, ಮೊದಲಿಗಿಂತ ನಿಧಾನವಾಗಿ.

"ವರ್ಗಾದ ಆರ್ಡರ್ ನಿನ್ನೆ ಬಂದೈತಿ. ಜೂನ್ ಒಂದಕ್ಕ ಹಾಜರಾಗಬೇಕು."

"ಹೌದ್ರಿ?"

"ಹೌದು."

ಊರು ಇನ್ನೂ ಎರಡು ಕಿಲೋಮೀಟರಿತ್ತು. ಅದು ಅಲ್ಲೇ ಇರಲಿ, ಹತ್ತಿರ ಬಾರದಿರಲಿ ಎನಿಸಿತು ಅವನಿಗೆ.

"ಅಕ್ಕೋಳದಾಗ," ಎಂದ, "ಸೈಕಲ್ ರಿಪೇರಿ ಮಾಡಾವ್ರು ಅದಾರೇನ್ರಿ?"

ಟ್ರ್ಯಾಕ್ಟರೊಂದು ಬಂತು. ಇಬ್ಬರೂ ಗಟಾರದ ಅಂಚಿಗೆ ಸರಿದು ನಿಂತರು. ಮೊದಲ ಟ್ರ್ಯಾಲಿ ಹೋಯಿತು, ಎರಡನೆಯದು ಹೋಯಿತು. ಧೂಳು ಕೂರಲು ಒಂದು ಯುಗವೇ ಹಿಡಿಯಿತು.

"ಒಬ್ಬಾಂವ ಅದಾನ," ಎಂದಳು ಮಂಗಲ. "ಮೊನ್ನೆ ಹೋದಾಗ ಕೇಳಿ ಬಂದೇನಿ. ಅಂವಗ ವಯಸ್ಸಾಗೇತಿ, ಕಣ್ಣು ಕಾಣಂಗಿಲ್ಲ. ಸಾಲಿ ಎದುರಿಗೆ ಒಂದು ಅಂಗಡಿ ಜಾಗಾನೂ ಖಾಲಿ ಐತಿ."

ಧರೆಪ್ಪ ಹಿಂದಿರುಗಿ ನೋಡಿದ. ಅಂಥ ರಸ್ತೆಯಲ್ಲಿ ಹಾಗೆ ನೋಡುತ್ತ ನಿಲ್ಲಬಾರದು. ಅವನು ನಿಂತೇ ಇದ್ದ.